ಫ್ರೀ ಡಿಶ್ ರೆಕಾರ್ಡಿಂಗ್ ಕೈಕೊಟ್ಟಾಗ: ಟೆರೇಸ್ ಹತ್ತುವ ಮುಂಚೆ ನೋಡಬೇಕಾದ್ದು

ನಮ್ಮಮ್ಮನಿಗೆ ಬೇಕಾಗಿರುವುದು ಇಷ್ಟೇ. ರಾತ್ರಿ ಚಂದನದಲ್ಲಿ ಬಂದ ಕಾರ್ಯಕ್ರಮವನ್ನು ಮರುದಿನ ಮಧ್ಯಾಹ್ನ, ಊಟ ಆದ ಮೇಲೆ, ಆರಾಮಾಗಿ ಕೂತು ನೋಡಬೇಕು. ಅದಕ್ಕಾಗಿ ಹನುಮಂತನಗರದ ನಮ್ಮ ಮನೆಯಲ್ಲಿ ಒಂದು ಸಣ್ಣ ಏರ್ಪಾಡು ಇದೆ. ಟೆರೇಸ್ ಮೇಲೆ ಎರಡಡಿಯ ಡಿಶ್. ಅಲ್ಲಿಂದ ಇಳಿದ ಕೇಬಲ್ ಒಂದು ಯುಎಸ್‌ಬಿ ಟ್ಯೂನರ್‌ಗೆ, ಅಂದರೆ ಡಿಶ್ ಸಿಗ್ನಲನ್ನು ಕಂಪ್ಯೂಟರ್‌ಗೆ ತಲುಪಿಸುವ ಡಬ್ಬಿಗೆ. ಟ್ಯೂನರ್‌ನಿಂದ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್‌ಗೆ. ಪೈ ಒಳಗೆ ಟಿವಿಹೆಡೆಂಡ್ ಎಂಬ ಉಚಿತ ಸಾಫ್ಟ್‌ವೇರ್. ಅದೇ ರೆಕಾರ್ಡ್ ಮಾಡಿ ಹಾರ್ಡ್ ಡಿಸ್ಕ್‌ಗೆ ಹಾಕುತ್ತದೆ, ಅದೇ ಮನೆಯ ವೈಫೈ ಮೇಲೆ ಟೀವಿಗೂ ಫೋನಿಗೂ ಕಳಿಸುತ್ತದೆ. ತಿಂಗಳ ಬಾಡಿಗೆ ಇಲ್ಲ.

ಹಿಂದೆ ಇದೇ ಟೆರೇಸ್ ಮೇಲೆ ಮೀನಿನ ಮುಳ್ಳಿನಂಥ ಅಲ್ಯುಮಿನಿಯಂ ಆಂಟೆನಾ ಇತ್ತು. ಜೆ.ಸಿ. ನಗರದ ಟೀವಿ ಟವರ್ ಕಡೆಗೆ ಮುಖ ಮಾಡಿ ನಿಲ್ಲಿಸುತ್ತಿದ್ದರು. ಆ ಹಳೇ ಅನಲಾಗ್ ಪ್ರಸಾರ 2022ರ ಹೊತ್ತಿಗೆ ದೇಶದಲ್ಲಿ ಹೆಚ್ಚುಕಡಿಮೆ ಎಲ್ಲಾ ಕಡೆ ನಿಂತಿತು. ಹಾಗಾಗಿ ಹಳೇ ಆಂಟೆನಾಕ್ಕೆ ಹೊಸ ವೈರು ಹಾಕಿ ಚಂದನ ಹುಡುಕುತ್ತಿದ್ದರೆ ಅಲ್ಲಿಗೆ ನಿಲ್ಲಿಸಿ. ದೋಷ ವೈರಿನಲ್ಲಿ ಇಲ್ಲ. ಬೆಂಗಳೂರಿನಲ್ಲಿ ಚಂದನವನ್ನು ದುಡ್ಡು ಕೊಡದೆ ಹಿಡಿದು ಇಟ್ಟುಕೊಳ್ಳಲು ಸುಲಭದ ದಾರಿ ಡಿಡಿ ಫ್ರೀ ಡಿಶ್, ಅಂದರೆ ದೂರದರ್ಶನದ ಉಚಿತ ಉಪಗ್ರಹ ಟೀವಿ ಸೇವೆ. ಈ ಬರಹ ಅದರ ಬಗ್ಗೆಯೇ.

ಏರ್ಪಾಡು ಕೆಟ್ಟಾಗ ನಮ್ಮೆಲ್ಲರ ಕಾಲು ಮೊದಲು ಹೋಗುವುದು ಟೆರೇಸ್ ಕಡೆಗೆ. ಡಿಶ್ ಅಲುಗಾಡಿಸಿ ಬರುತ್ತೇವೆ. ನೆಟ್ಟಗಿದ್ದ ಡಿಶ್ ಆಗ ನಿಜಕ್ಕೂ ಸೊಟ್ಟಗಾಗುತ್ತದೆ, ಒಂದಿದ್ದ ದೋಷ ಎರಡಾಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಟೆರೇಸ್ ಸರದಿ ಕೊನೆಗೆ ಬರಲಿ.

ಮೊದಲ ಪ್ರಶ್ನೆ: ಕೆಟ್ಟ ಚಿತ್ರ ರೆಕಾರ್ಡಿಂಗ್ ಒಳಗೂ ಇದೆಯಾ?

ಇದೊಂದು ಪ್ರಶ್ನೆ ಅರ್ಧ ಕೆಲಸ ಮುಗಿಸುತ್ತದೆ. ಕಾರ್ಯಕ್ರಮ ನೋಡುವಾಗ ಚಿತ್ರ ಒಡೆಯಿತು ಅಥವಾ ನಿಂತಿತು ಅಂದುಕೊಳ್ಳಿ. ಆಗ ರೆಕಾರ್ಡ್ ಆದ ಫೈಲನ್ನು ಹಿಂದಕ್ಕೆ ಓಡಿಸಿ, ಅದೇ ಜಾಗವನ್ನು ಮತ್ತೊಮ್ಮೆ ನೋಡಿ.

ಎರಡನೇ ಸಲವೂ ಅದೇ ಸೆಕೆಂಡಿನಲ್ಲಿ, ಅದೇ ರೀತಿ ಒಡೆದರೆ ದೋಷ ಫೈಲಿಗೇ ಸೇರಿಹೋಗಿದೆ. ಅಂದರೆ ಅದು ಡಿಶ್, ಕೇಬಲ್, ಟ್ಯೂನರ್, ಪೈ ಅಥವಾ ಡಿಸ್ಕ್ ಇವುಗಳಲ್ಲಿ ಎಲ್ಲೋ ಇದೆ. ಎರಡನೇ ಸಲ ಸರಿಯಾಗಿ ಓಡಿದರೆ, ಅಥವಾ ಬೇರೆ ಜಾಗದಲ್ಲಿ ನಿಂತರೆ, ಫೈಲ್ ಚೆನ್ನಾಗಿಯೇ ಇದೆ. ಅದು ನಿಮ್ಮ ಕೈಗೆ ಬರುವ ದಾರಿಯಲ್ಲಿ, ಅಂದರೆ ವೈಫೈ ಅಥವಾ ಫೋನಿನಲ್ಲಿ ತೊಂದರೆ ಇದೆ. ಆಗ ಡಿಶ್ ಕಡೆ ತಲೆ ಎತ್ತಿಯೂ ನೋಡಬೇಕಾಗಿಲ್ಲ.

ಟಿವಿಹೆಡೆಂಡ್‌ನ ಪುಟ ತೆರೆದರೆ ಇನ್ನೊಂದು ಸಾಕ್ಷಿ ಸಿಗುತ್ತದೆ. ಬ್ರೌಸರ್‌ನಲ್ಲಿ ಪೈನ ವಿಳಾಸ ಹಾಕಿ, ಪೋರ್ಟ್ 9981 ಕೊಟ್ಟರೆ ಆ ಪುಟ ಬರುತ್ತದೆ. ಅದರ ಸ್ಟೇಟಸ್ ಭಾಗದಲ್ಲಿ ಸಿಗ್ನಲ್, ಎಸ್‌ಎನ್‌ಆರ್, ಕಂಟಿನ್ಯುಯಿಟಿ ಎರರ್ ಎಂಬ ಅಂಕಿಗಳಿವೆ. ಎಸ್‌ಎನ್‌ಆರ್ ಅಂದರೆ ಗದ್ದಲದ ನಡುವೆ ಸಿಗ್ನಲ್ ಎಷ್ಟು ಸ್ಪಷ್ಟವಾಗಿದೆ ಎಂದು. ಕಂಟಿನ್ಯುಯಿಟಿ ಎರರ್ ಅಂದರೆ ಬರಬೇಕಾದ ಡೇಟಾ ತುಂಡುಗಳಲ್ಲಿ ಕೆಲವು ಕಳೆದುಹೋಗಿವೆ ಎಂದು. ಚಾನೆಲ್ ಹಾಕಿದ ಕ್ಷಣದಲ್ಲಿ ಒಂದೆರಡು ಬಂದರೆ ಚಿಂತೆ ಇಲ್ಲ. ನೋಡನೋಡುತ್ತಾ ಏರುತ್ತಿದ್ದರೆ ತೊಂದರೆ ಇದೆ.

ಒಂದು ಕೆಲಸ ಇವತ್ತೇ ಮಾಡಿಡಿ. ಎಲ್ಲಾ ಚೆನ್ನಾಗಿರುವ ಒಂದು ಬಿಸಿಲಿನ ದಿನ ಈ ಅಂಕಿಗಳನ್ನು ಕಾಗದದಲ್ಲಿ ಬರೆದು ಟ್ಯೂನರ್ ಪಕ್ಕ ಅಂಟಿಸಿ. ಒಂದೊಂದು ಟ್ಯೂನರ್ ಒಂದೊಂದು ರೀತಿ ಅಂಕಿ ತೋರಿಸುತ್ತದೆ. ಬೇರೆಯವರ ಮನೆಯ ಅಂಕಿ ನಿಮಗೆ ಉಪಯೋಗಕ್ಕೆ ಬರುವುದಿಲ್ಲ. ನಿಮ್ಮದೇ ಒಳ್ಳೆಯ ದಿನದ ಅಂಕಿ ಬೇಕು.

ಫೈಲ್ ಚೆನ್ನಾಗಿದೆ, ಆದರೆ ಫೋನಿನಲ್ಲಿ ತಡೆದು ತಡೆದು ಬರುತ್ತದೆ

ಖರ್ಚಿಲ್ಲದ ಪರೀಕ್ಷೆ ಮೊದಲು. ಫೋನ್ ಹಿಡಿದುಕೊಂಡು ರೂಟರ್ ಪಕ್ಕ ಹೋಗಿ ನಿಲ್ಲಿ. ಅಲ್ಲಿ ಸರಿಯಾಗಿ ಬಂದು ಬೆಡ್‌ರೂಮಿನಲ್ಲಿ ನಿಂತರೆ ವೈಫೈ ದುರ್ಬಲ ಎಂದೇ ಅರ್ಥ. ಫ್ರೀ ಡಿಶ್‌ನ ಸಾಮಾನ್ಯ ಚಾನೆಲ್ ಒಂದಕ್ಕೆ ಸೆಕೆಂಡಿಗೆ 2ರಿಂದ 4 ಮೆಗಾಬಿಟ್ ಇದ್ದರೆ ಸಾಕು. ಇದು ತೀರಾ ಕಡಿಮೆ. ಇಂಟರ್‌ನೆಟ್ ಪ್ಲಾನ್ ದೊಡ್ಡದು ಮಾಡಿಸಿದರೆ ಸರಿಹೋಗುವ ವಿಷಯವೂ ಅಲ್ಲ. ಈ ಡೇಟಾ ಮನೆಯ ಒಳಗೇ ಓಡಾಡುತ್ತದೆ, ಹೊರಗಿನ ಇಂಟರ್‌ನೆಟ್ ನಿಂತಿದ್ದರೂ ಓಡುತ್ತದೆ.

ಮುಂದಿನ ಹೆಜ್ಜೆ: ಪೈಯನ್ನು ವೈಫೈ ಬಿಟ್ಟು ಲ್ಯಾನ್ ಕೇಬಲ್‌ನಲ್ಲಿ ರೂಟರ್‌ಗೆ ಜೋಡಿಸಿ. ಪೈ ಕೂಡ ವೈಫೈನಲ್ಲಿದ್ದರೆ ಒಂದೇ ಚಿತ್ರ ಗಾಳಿಯಲ್ಲಿ ಎರಡು ಸಲ ಪ್ರಯಾಣ ಮಾಡುತ್ತದೆ. ಪೈಯಿಂದ ರೂಟರ್‌ಗೆ ಒಮ್ಮೆ, ರೂಟರ್‌ನಿಂದ ಫೋನಿಗೆ ಇನ್ನೊಮ್ಮೆ. ಗೋಡೆಗೆ ಗೋಡೆ ಅಂಟಿಕೊಂಡ ನಮ್ಮ ಬಡಾವಣೆಗಳಲ್ಲಿ ಫೋನ್ ತೆರೆದರೆ ಇಪ್ಪತ್ತು ಮನೆಯ ವೈಫೈ ಹೆಸರು ಕಾಣುತ್ತದೆ ಅಲ್ವಾ? 2.4 ಗಿಗಾಹರ್ಟ್ಸ್‌ನಲ್ಲಿ ಅವೆಲ್ಲ ಒಂದರ ಮೇಲೊಂದು ಬೀಳುತ್ತವೆ. ಫೋನನ್ನು 5 ಗಿಗಾಹರ್ಟ್ಸ್‌ಗೆ ಬದಲಿಸಿ ನೋಡಿ.

ಇನ್ನೊಂದು ಕಾರಣ ತುಂಬಾ ಜನರಿಗೆ ಗೊತ್ತಾಗುವುದಿಲ್ಲ. ಯುಎಸ್‌ಬಿ 3 ಹಾರ್ಡ್ ಡಿಸ್ಕ್ ಮತ್ತು ಅದರ ಕೇಬಲ್ 2.4 ಗಿಗಾಹರ್ಟ್ಸ್ ಸುತ್ತ ಗದ್ದಲ ಎಬ್ಬಿಸುತ್ತವೆ. ಪೈ ವೈಫೈನಲ್ಲೇ ಇದ್ದು ಪಕ್ಕದಲ್ಲೇ ಡಿಸ್ಕ್ ಮಲಗಿದ್ದರೆ, ರೆಕಾರ್ಡಿಂಗ್ ಶುರುವಾದ ತಕ್ಷಣ ವೈಫೈ ಕುಸಿಯಬಹುದು. ಡಿಸ್ಕನ್ನು ಒಂದಡಿ ದೂರ ಇಟ್ಟು ನೋಡಿ. ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ.

ಚಿತ್ರವೇ ಬರದೆ ಬ್ರೌಸರ್ ಕಪ್ಪಾಗಿ ನಿಂತರೆ ಅದು ಬೇರೆ ವಿಷಯ. ಫ್ರೀ ಡಿಶ್‌ನ ಹಲವು ಚಾನೆಲ್‌ಗಳು ಎಂಪೆಗ್-2 ಎಂಬ ಹಳೇ ವಿಡಿಯೊ ಮಾದರಿಯಲ್ಲಿ ಬರುತ್ತವೆ. ಅದನ್ನು ಬ್ರೌಸರ್‌ಗಳು ಸೀದಾ ಓಡಿಸುವುದಿಲ್ಲ. ಅದೇ ಚಾನೆಲನ್ನು ವಿಎಲ್‌ಸಿ ಅಥವಾ ಕೋಡಿ ಎಂಬ ವಿಡಿಯೊ ಪ್ಲೇಯರ್‌ನಲ್ಲಿ ತೆರೆಯಿರಿ. ಅಲ್ಲಿ ಬಂದರೆ ಎಲ್ಲಾ ಸರಿಯಾಗಿದೆ. ಬ್ರೌಸರ್‌ನಲ್ಲೇ ಬೇಕೆಂದರೆ ಪೈ ಚಿತ್ರವನ್ನು ಬೇರೆ ರೂಪಕ್ಕೆ ತಿರುಗಿಸಿ ಕಳಿಸಬೇಕಾಗುತ್ತದೆ. ಅದು ಪೈಗೆ ಭಾರ, ನಾನಂತೂ ಆ ದಾರಿಗೆ ಹೋಗಿಲ್ಲ.

ನೆಂಟರ ಫೋನಿನಲ್ಲಿ ಮಾತ್ರ ಪೈ ಕಾಣುವುದೇ ಇಲ್ಲ ಅಂದರೆ ಅವರು ರೂಟರ್‌ನ ಗೆಸ್ಟ್ ವೈಫೈನಲ್ಲಿ ಇರಬೇಕು. ಅದು ಮನೆಯ ಉಳಿದ ಸಾಧನಗಳನ್ನು ಬಚ್ಚಿಡುತ್ತದೆ.

ಹೊರಗಿನಿಂದ ನೋಡುವ ಆಸೆಗೆ 9981 ಪೋರ್ಟನ್ನು ಇಂಟರ್‌ನೆಟ್‌ಗೆ ತೆರೆದಿಡುವವರು ಇದ್ದಾರೆ. ಅದು ಬೀದಿಬಾಗಿಲು ತೆಗೆದಿಟ್ಟು ಮಲಗಿದ ಹಾಗೆ. ಹೊರಗಿನಿಂದ ನೋಡಲೇಬೇಕಿದ್ದರೆ ವಿಪಿಎನ್, ಅಂದರೆ ಮನೆಯ ನೆಟ್‌ವರ್ಕ್‌ಗೆ ಬೀಗವಿರುವ ಖಾಸಗಿ ದಾರಿ, ಹಾಕಿಕೊಳ್ಳಿ. ಹಾಗೆಯೇ, ರೆಕಾರ್ಡ್ ಮಾಡಿದ್ದು ಮನೆಯವರು ನೋಡುವುದಕ್ಕೆ ಮಾತ್ರ. ಎಲ್ಲೋ ಅಪ್‌ಲೋಡ್ ಮಾಡಿ ಹಂಚಬೇಡಿ.

ರೆಕಾರ್ಡಿಂಗ್ ಆಗೇ ಇಲ್ಲ, ಅಥವಾ ತಪ್ಪು ಹೊತ್ತಿಗೆ ಆಗಿದೆ

ರಾತ್ರಿ 9ಕ್ಕೆ ಟೈಮರ್ ಹಾಕಿದ್ದು ನಡುರಾತ್ರಿ 2:30ಕ್ಕೆ ರೆಕಾರ್ಡ್ ಆಗಿದೆಯಾ? ಐದೂವರೆ ಗಂಟೆ ವ್ಯತ್ಯಾಸ ಕಂಡರೆ ಬೇರೇನೂ ಯೋಚಿಸಬೇಡಿ. ಪೈನ ಗಡಿಯಾರ ಭಾರತದ ಸಮಯದಲ್ಲಿ ಇಲ್ಲ, ಗ್ರೀನಿಚ್ ಸಮಯದಲ್ಲೇ ಉಳಿದಿದೆ. ಸೆಟ್ಟಿಂಗ್‌ನಲ್ಲಿ ಟೈಮ್‌ಜೋನ್ ಏಷ್ಯಾ-ಕೋಲ್ಕತ್ತ ಮಾಡಿ, ಪೈ ಒಮ್ಮೆ ಆಫ್ ಮಾಡಿ ಆನ್ ಮಾಡಿ.

ಕರೆಂಟು ಹೋಗಿ ಬಂದ ದಿನ ಮಾತ್ರ ರೆಕಾರ್ಡಿಂಗ್ ತಪ್ಪುತ್ತಿದ್ದರೆ ಕಾರಣ ಬೇರೆ. ಪೈ 4 ಮತ್ತು ಅದಕ್ಕಿಂತ ಹಳೆಯ ಪೈಗಳ ಒಳಗೆ ಬ್ಯಾಟರಿ ಗಡಿಯಾರ ಇಲ್ಲ. ಕರೆಂಟು ಬಂದ ಮೇಲೆ ಅವು ಇಂಟರ್‌ನೆಟ್ ಕೇಳಿ ಸಮಯ ತಿಳಿದುಕೊಳ್ಳಬೇಕು. ರೂಟರ್ ಏಳುವ ತನಕ ಪೈಗೆ ಈಗ ಗಂಟೆ ಎಷ್ಟು ಎಂದೇ ಗೊತ್ತಿರುವುದಿಲ್ಲ. ಅಷ್ಟರಲ್ಲಿ ಕಾರ್ಯಕ್ರಮದ ಹೊತ್ತು ದಾಟಿಹೋಗಿರುತ್ತದೆ. ಮನೆಯಲ್ಲಿ ಯುಪಿಎಸ್ ಇದ್ದರೆ ಪೈ, ಟ್ಯೂನರ್, ರೂಟರ್ ಮೂರನ್ನೂ ಅದಕ್ಕೇ ಹಾಕಿ. ಪೈ ಒಂದನ್ನೇ ಹಾಕಿ ಟ್ಯೂನರ್‌ನ ಅಡಾಪ್ಟರ್ ಮರೆತರೆ ಅಷ್ಟು ಹೊತ್ತು ಬರೀ ಖಾಲಿ ರೆಕಾರ್ಡಿಂಗ್ ಆಗುತ್ತದೆ.

ಎರಡು ಟೈಮರ್ ಒಂದೇ ಹೊತ್ತಿಗೆ ಇದ್ದು ಒಂದು ಮಾತ್ರ ಆಗಿದ್ದರೆ ಅದೂ ದೋಷವಲ್ಲ. ಒಂದು ಟ್ಯೂನರ್ ಒಂದು ಸಲಕ್ಕೆ ಒಂದೇ ಫ್ರೀಕ್ವೆನ್ಸಿ ಹಿಡಿಯುತ್ತದೆ. ಎರಡು ಚಾನೆಲ್‌ಗಳೂ ಅದೇ ಫ್ರೀಕ್ವೆನ್ಸಿಯಲ್ಲಿ ಇದ್ದರೆ ಎರಡೂ ರೆಕಾರ್ಡ್ ಆಗುತ್ತವೆ, ಇಲ್ಲದಿದ್ದರೆ ಒಂದೇ. ಟಿವಿಹೆಡೆಂಡ್‌ನ ಲಾಗ್‌ನಲ್ಲಿ 'ನೋ ಫ್ರೀ ಅಡಾಪ್ಟರ್', ಅಂದರೆ ಬಿಡುವಿರುವ ಟ್ಯೂನರ್ ಇಲ್ಲ, ಎಂದು ಬರೆದಿರುತ್ತದೆ.

ಕಾರ್ಯಕ್ರಮದ ತಲೆ ಅಥವಾ ಬಾಲ ಕತ್ತರಿಸಿಹೋಗುತ್ತಿದ್ದರೆ ಟೈಮರ್‌ಗೆ ಮುಂಚೆ 3 ನಿಮಿಷ, ನಂತರ 10 ನಿಮಿಷ ಸೇರಿಸಿಡಿ. ಲೈವ್ ಕಾರ್ಯಕ್ರಮ ಆದರೆ ಇನ್ನೂ ಜಾಸ್ತಿ.

ರೆಕಾರ್ಡಿಂಗ್ ನಡುವೆಯೇ ನಿಂತುಹೋಗಿದೆ

ಫೈಲಿನ ಅಳತೆ ನೋಡಿ. ಸರಿಯಾಗಿ 4 ಜಿಬಿ ಹತ್ತಿರ ಬಂದು ನಿಂತಿದ್ದರೆ ಉತ್ತರ ಸಿಕ್ಕಿತು. ಡಿಸ್ಕ್ ಅಥವಾ ಪೆನ್‌ಡ್ರೈವ್ ಫ್ಯಾಟ್32 ಎಂಬ ಹಳೇ ಮಾದರಿಯಲ್ಲಿ ಫಾರ್ಮ್ಯಾಟ್ ಆಗಿದೆ. ಅದು ಒಂದು ಫೈಲನ್ನು 4 ಜಿಬಿಗಿಂತ ದೊಡ್ಡದಾಗಲು ಬಿಡುವುದಿಲ್ಲ. ಸೆಕೆಂಡಿಗೆ 4 ಮೆಗಾಬಿಟ್ ಲೆಕ್ಕದಲ್ಲಿ ಒಂದು ಗಂಟೆಗೆ 1.8 ಜಿಬಿ ಆಗುತ್ತದೆ. ಹಾಗಾಗಿ ಎರಡೂಕಾಲು ಗಂಟೆ ದಾಟುತ್ತಿದ್ದ ಹಾಗೇ ನಿಲ್ಲುತ್ತದೆ.

ನಮ್ಮಲ್ಲಿ ಹೀಗಾಗಿದ್ದು ಒಂದು ಸಂಗೀತ ಕಾರ್ಯಕ್ರಮದ ದಿನ. ಅತ್ತಿಗೆಯ ತಂಡದ ಹಾಡು ಕೊನೆಯಲ್ಲಿತ್ತು. ಅಮ್ಮ ಅಕ್ಕಪಕ್ಕದವರನ್ನೆಲ್ಲ ಕರೆದು ಕೂರಿಸಿದ್ದರು. ಫೈಲು ಆ ಹಾಡಿಗೆ ಹತ್ತು ನಿಮಿಷ ಮುಂಚೆ ಮುಗಿದಿತ್ತು. ಅಮ್ಮ ಏನೂ ಅನ್ನಲಿಲ್ಲ, ಕಾಫಿ ಮಾಡಲು ಒಳಗೆ ಹೋದರು. ಅವತ್ತಿನಿಂದ ನಾನು ಹೊಸ ಡಿಸ್ಕ್ ತಂದರೆ ಮೊದಲು ಫಾರ್ಮ್ಯಾಟ್ ನೋಡುತ್ತೇನೆ. ಪೈಗೆ ಮಾತ್ರ ಬಳಸುವ ಡಿಸ್ಕ್ ಆದರೆ ಇಎಕ್ಸ್‌ಟಿ4 ಎಂಬ ಫಾರ್ಮ್ಯಾಟ್ ಒಳ್ಳೆಯದು. ಫಾರ್ಮ್ಯಾಟ್ ಬದಲಿಸಿದರೆ ಒಳಗಿರುವುದೆಲ್ಲ ಅಳಿಸಿಹೋಗುತ್ತದೆ, ಬೇಕಾದ್ದನ್ನು ಮೊದಲೇ ಬೇರೆಡೆ ಇಟ್ಟುಕೊಳ್ಳಿ.

ಅಳತೆ ಬೇರೆ ಬೇರೆ ಇದ್ದರೆ ಡಿಸ್ಕ್ ತುಂಬಿದೆಯಾ ನೋಡಿ. ಅದೂ ಅಲ್ಲದಿದ್ದರೆ ಪವರ್ ಕಡೆ ಗಮನ ಕೊಡಿ. ಪೈ 4ರ ಎಲ್ಲಾ ಯುಎಸ್‌ಬಿ ಪೋರ್ಟ್‌ಗಳಿಗೆ ಸೇರಿ ಒಟ್ಟು 1.2 ಆಂಪಿಯರ್ ಮಾತ್ರ ಸಿಗುತ್ತದೆ. ಸಣ್ಣ ಹಾರ್ಡ್ ಡಿಸ್ಕ್ ತಿರುಗಲು ಶುರುಮಾಡುವಾಗ ಅದರಲ್ಲಿ ಹೆಚ್ಚಿನ ಪಾಲು ಅದೊಂದೇ ಎಳೆಯಬಹುದು. ಆಗ ಟ್ಯೂನರ್ ಕ್ಷಣಕಾಲ ಸಾಯುತ್ತದೆ. ಪೈಗೆ ಟೀವಿ ಜೋಡಿಸಿದ್ದರೆ ಮೂಲೆಯಲ್ಲಿ ಮಿಂಚಿನ ಗುರುತು ಕಾಣುತ್ತದೆ, ಅದು ವೋಲ್ಟೇಜ್ ಸಾಲದು ಎಂಬ ದೂರು. ಹಳೇ ಫೋನ್ ಚಾರ್ಜರ್ ಹಾಕಿದ್ದರೆ ತೆಗೆದು 5.1 ವೋಲ್ಟ್, 3 ಆಂಪಿಯರ್‌ನ ಅಡಾಪ್ಟರ್ ಹಾಕಿ. ಡಿಸ್ಕನ್ನು ಸ್ವಂತ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ಮೂಲಕ ಜೋಡಿಸಿ.

ಚಿತ್ರ ಚೌಕ ಚೌಕ ಆಗುತ್ತದೆ, ರೆಕಾರ್ಡಿಂಗ್ ಒಳಗೂ ಹಾಗೇ ಇದೆ

ಇಲ್ಲಿ ಯಾವಾಗ ಆಗುತ್ತದೆ ಎನ್ನುವುದೇ ದೊಡ್ಡ ಸುಳಿವು.

ಜೋರು ಮಳೆಯಲ್ಲಿ ಮಾತ್ರ ಆಗಿ, ಮಳೆ ನಿಂತ ಹತ್ತು ಹದಿನೈದು ನಿಮಿಷಕ್ಕೆ ಸರಿಹೋದರೆ ಅದು ಸಹಜ. ಫ್ರೀ ಡಿಶ್ ಬರುವುದು ಕೆಯು ಬ್ಯಾಂಡ್ ಎಂಬ ಹೆಚ್ಚಿನ ಫ್ರೀಕ್ವೆನ್ಸಿಯ ಅಲೆಗಳಲ್ಲಿ. ದಪ್ಪ ಹನಿಗಳು ಆ ಅಲೆಗಳನ್ನು ಹೀರಿಕೊಳ್ಳುತ್ತವೆ. ಮೇ ತಿಂಗಳ ಸಂಜೆಯ ಗುಡುಗು ಮಳೆಗೆ ಯಾವ ಎರಡಡಿ ಡಿಶ್ಶೂ ಪೂರ್ತಿ ತಡೆದುಕೊಳ್ಳುವುದಿಲ್ಲ. ಆದರೆ ಸಣ್ಣ ತುಂತುರಿಗೇ ಒಡೆಯುತ್ತಿದ್ದರೆ ಡಿಶ್ ಸ್ವಲ್ಪ ಸರಿದಿದೆ ಎಂದರ್ಥ. ಬಿಸಿಲಿನಲ್ಲೂ ಅಂಚಿನ ಮೇಲೆ ನಡೆಯುತ್ತಿತ್ತು, ತುಂತುರು ಬಂದು ತಳ್ಳಿತು.

ಮಳೆ ನಿಂತು ಒಂದು ದಿನ, ಎರಡು ದಿನ ಆದರೂ ಸರಿಹೋಗದೆ, ಆಮೇಲೆ ಬಿಸಿಲು ಕಾದು ತಾನಾಗಿ ಸರಿಹೋದರೆ? ಅದು ಕೇಬಲ್ ಒಳಗೆ ನೀರು. ಬೆಂಗಳೂರಿನ ಮನೆಗಳಲ್ಲಿ ನಾನು ಅತಿ ಹೆಚ್ಚು ಕಂಡ ದೋಷ ಇದೇ. ಡಿಶ್ ಮುಂದಿನ ಕೈಯ ತುದಿಯಲ್ಲಿ ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿ ಎಂಬ ಸಣ್ಣ ಡಬ್ಬಿಗೆ ಕೇಬಲ್ ಸೇರುವ ಎಫ್ ಕನೆಕ್ಟರ್ ಇರುತ್ತದಲ್ಲ, ನೀರು ಅಲ್ಲಿಂದ ಇಳಿಯುತ್ತದೆ. ಬಿಚ್ಚಿ ನೋಡಿದರೆ ನಡುವಿನ ತಾಮ್ರದ ತಂತಿ ಹಸಿರು ಅಥವಾ ಕಪ್ಪು ಬಣ್ಣಕ್ಕೆ ತಿರುಗಿರುತ್ತದೆ.

ರಿಪೇರಿ ಕಷ್ಟವಲ್ಲ. ಹಾಳಾದ ತುದಿಯನ್ನು ಒಳಗೆ ಹೊಳೆಯುವ ತಾಮ್ರ ಕಾಣುವ ತನಕ ಕತ್ತರಿಸಿ. ಹೊಸ ಕನೆಕ್ಟರ್ ಹಾಕಿ. ಮೇಲಿನ ಜಾಲರಿ ತಂತಿಯ ಒಂದೇ ಒಂದು ಎಳೆಯೂ ನಡುತಂತಿಗೆ ತಾಗಬಾರದು, ತಾಗಿದರೆ ಶಾರ್ಟ್. ಮೇಲೆ ತನ್ನಷ್ಟಕ್ಕೆ ಅಂಟಿ ಒಂದಾಗುವ ರಬ್ಬರ್ ಟೇಪ್ ಸುತ್ತಿ. ಮಾಮೂಲಿ ಇನ್ಸುಲೇಷನ್ ಟೇಪ್ ಒಂದು ಬೇಸಿಗೆಗೆ ಬಿಟ್ಟುಕೊಳ್ಳುತ್ತದೆ. ಕೇಬಲ್ ಕನೆಕ್ಟರ್‌ಗೆ ಸೇರುವ ಮುಂಚೆ ಕೆಳಗೆ ಒಂದು ಸಣ್ಣ ಬಳಕು ಬಿಡಿ. ನೀರು ಆ ಬಳಕಿನ ತಳದಿಂದ ಹನಿದುಹೋಗುತ್ತದೆ, ಒಳಗೆ ಹರಿಯುವುದಿಲ್ಲ. ಆರ್‌ಜಿ-6 ಕೇಬಲ್, ಕನೆಕ್ಟರ್, ಟೇಪ್ ಎಲ್ಲವೂ ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ. ನೀರು ಕೇಬಲ್‌ನ ಉದ್ದಕ್ಕೂ ಇಳಿದಿದ್ದರೆ ತುದಿ ಕತ್ತರಿಸಿ ಪ್ರಯೋಜನವಿಲ್ಲ, ಪೂರ್ತಿ ಕೇಬಲ್ ಬದಲಿಸಿ. ನಡುವೆ ಕೈಯಲ್ಲಿ ಹೊಸೆದು ಜಂಟಿ ಮಾಡಿದ ಕೇಬಲ್ ಇದ್ದರೆ ಅದನ್ನು ಮೊದಲು ತೆಗೆಯಿರಿ.

ಗಾಳಿ ಬೀಸಿದಾಗ ಮಾತ್ರ ಒಡೆದರೆ ಡಿಶ್‌ನ ನಟ್ಟು ಸಡಿಲ, ಅಥವಾ ಮರದ ಕೊಂಬೆ ಅಡ್ಡ. ಲಿಫ್ಟ್, ಮಿಕ್ಸಿ ಅಥವಾ ನೀರಿನ ಮೋಟರ್ ಶುರುವಾದಾಗ ಒಡೆದರೆ ಡಿಶ್ ಮುಟ್ಟಬೇಡಿ, ಪವರ್ ಕಡೆ ನೋಡಿ. ಪ್ರತಿ ರೆಕಾರ್ಡಿಂಗ್‌ನ ಮೊದಲ ಕೆಲವು ಸೆಕೆಂಡು ಮಾತ್ರ ಒಡೆದಿದ್ದರೆ, ಮಲಗಿದ್ದ ಹಾರ್ಡ್ ಡಿಸ್ಕ್ ಎದ್ದು ತಿರುಗಲು ತೆಗೆದುಕೊಂಡ ಸಮಯ ಅದಾಗಿರಬಹುದು.

ಸ್ಟ್ರೆಂತ್ ತುಂಬಾ ಇದೆ, ಕ್ವಾಲಿಟಿ ಸೊನ್ನೆ

ಈ ಎರಡು ಪಟ್ಟಿಗಳ ನಡುವಿನ ವ್ಯತ್ಯಾಸ ತಿಳಿದರೆ ಎಷ್ಟೋ ಪರದಾಟ ತಪ್ಪುತ್ತದೆ. ಟಿವಿಹೆಡೆಂಡ್‌ನಲ್ಲಿ ಸಿಗ್ನಲ್ ಎಂದಿರುವುದು ಸ್ಟ್ರೆಂತ್, ಎಸ್‌ಎನ್‌ಆರ್ ಎಂದಿರುವುದು ಕ್ವಾಲಿಟಿ. ಸ್ಟ್ರೆಂತ್ ಅಂದರೆ ಎಲ್‌ಎನ್‌ಬಿ ಜೀವಂತ ಇದೆ, ಕೇಬಲ್‌ನಲ್ಲಿ ಏನೋ ಬರುತ್ತಿದೆ ಎಂದು ಮಾತ್ರ. ಖಾಲಿ ಆಕಾಶಕ್ಕೆ ಮುಖ ಮಾಡಿದ ಡಿಶ್ಶೂ ಸ್ಟ್ರೆಂತ್ ತೋರಿಸುತ್ತದೆ. ಕ್ವಾಲಿಟಿ ಅಂದರೆ ನಮಗೆ ಬೇಕಾದ ಉಪಗ್ರಹ ನಿಜವಾಗಿ ಸಿಕ್ಕಿದೆ ಎಂದು. ಸ್ಟ್ರೆಂತ್ ನೋಡಿಕೊಂಡು ಡಿಶ್ ತಿರುಗಿಸುವುದು ದಂಡ.

ಆದರೂ ತಿರುಗಿಸುವ ಮುಂಚೆ ಟ್ಯೂನರ್‌ನ ಸೆಟ್ಟಿಂಗ್ ನೋಡಿ. ಎಲ್‌ಎನ್‌ಬಿ ಮಾದರಿ ಯೂನಿವರ್ಸಲ್, ಅಂದರೆ 9750 ಮತ್ತು 10600 ಎಂದು ಇರಬೇಕು. ಯಾರೋ ಬರೀ 10600 ಮಾಡಿಟ್ಟಿದ್ದರೆ ಫ್ರೀ ಡಿಶ್ ಸಿಗುವುದೇ ಇಲ್ಲ.

ಸೆಟ್ಟಿಂಗ್ ಸರಿ ಇದ್ದರೆ ಮುಂದೆ ನೋಡಬೇಕಾದ್ದು ಡಿಶ್‌ನ ದಿಕ್ಕು. ಫ್ರೀ ಡಿಶ್ ಬರುವುದು ಜಿಸ್ಯಾಟ್-15ರಿಂದ. 2015ರ ನವೆಂಬರ್‌ನಲ್ಲಿ ಹಾರಿದ ಉಪಗ್ರಹ, ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ನಿಂತಿದೆ. ಇಸ್ರೋದ ಇಂಥ ಉಪಗ್ರಹಗಳನ್ನು ನಿಯಂತ್ರಿಸುವ ಕೇಂದ್ರ ನಮ್ಮ ಹಾಸನದಲ್ಲೇ ಇದೆ. ಬೆಂಗಳೂರಿನಿಂದ ನೋಡಿದರೆ ಅದು ಆಗ್ನೇಯ ದಿಕ್ಕಿನಲ್ಲಿ, ಉತ್ತರದಿಂದ ಎಣಿಸಿದರೆ ಸುಮಾರು 128 ಡಿಗ್ರಿಯಲ್ಲಿ, ನೆಲದಿಂದ ಸುಮಾರು 66 ಡಿಗ್ರಿ ಎತ್ತರದಲ್ಲಿ ಇರುತ್ತದೆ. ಫೋನಿನ ದಿಕ್ಸೂಚಿಯನ್ನು ಕಬ್ಬಿಣದ ಕಂಬದಿಂದ ನಾಲ್ಕಡಿ ದೂರ ಹಿಡಿದು ನೋಡಿ. ನಮ್ಮ ಡಿಶ್‌ಗಳು ಆಫ್‌ಸೆಟ್ ಮಾದರಿಯವು. ಎಲ್‌ಎನ್‌ಬಿ ಕೆಳಗಿನಿಂದ ನೋಡುತ್ತದೆ. ಅದರಿಂದ ತಟ್ಟೆ ಕಣ್ಣಿಗೆ 40 ಡಿಗ್ರಿಯಷ್ಟೇ ಎತ್ತಿದಂತೆ ಕಾಣುತ್ತದೆ. ಇಷ್ಟು ತಗ್ಗಿದೆಯಲ್ಲ ಎಂದು ಇನ್ನೂ ಎತ್ತಲು ಹೋಗಬೇಡಿ.

66 ಡಿಗ್ರಿ ಅಂದರೆ ನಡುನೆತ್ತಿಗೆ ಹತ್ತಿರ. ಇದರಿಂದ ನಮಗೊಂದು ದೊಡ್ಡ ಅನುಕೂಲ ಇದೆ. ಹೋದ ವರ್ಷ ನಮ್ಮ ಡಿಶ್ ಕೈಕೊಟ್ಟಾಗ ರಿಪೇರಿಗೆ ಬಂದ ಹುಡುಗ ಮೇಲೆ ಹೋದವನೇ ಎದುರು ಮನೆ ತೋರಿಸಿದ.

"ಎದುರು ಬಿಲ್ಡಿಂಗ್ ಅಡ್ಡ ಬಂದ್ಬಿಟ್ಟಿದೆ ಅಣ್ಣ. ಉದ್ದ ಪೈಪ್ ಹಾಕಿ ಡಿಶ್ ಮೇಲೆ ಎತ್ತಬೇಕು."

"ಒಂದ್ನಿಮಿಷ ಇರಪ್ಪ, ಲೆಕ್ಕ ಹಾಕೋಣ," ಅಂದೆ.

ಲೆಕ್ಕ ಸುಲಭ. ಅಡ್ಡ ಇರುವ ಗೋಡೆ ಡಿಶ್‌ಗಿಂತ ಎಷ್ಟು ಎತ್ತರ ಇದೆಯೋ, ಅದರ ಅರ್ಧದಷ್ಟು ದೂರದಲ್ಲಿ ಇದ್ದರೆ ಸಾಕು, ಅಡ್ಡಿ ಇಲ್ಲ. ಎದುರು ಮನೆ ನಮ್ಮ ಡಿಶ್‌ಗಿಂತ ಇಪ್ಪತ್ತಡಿ ಎತ್ತರ, ನಡುವೆ ಮೂವತ್ತಡಿ ರಸ್ತೆ. ಹತ್ತಡಿ ದೂರವೇ ಸಾಕಿತ್ತು. ಕನೆಕ್ಟರ್ ಬಿಚ್ಚಿ ನೋಡಿದರೆ ಒಳಗೆ ನೀರು. ಅವನೂ ಖುಷಿಯಿಂದ ಈ ಲೆಕ್ಕ ಬರೆದುಕೊಂಡು ಹೋದ. ಹಾಗೆಂದು ಅಕ್ಕಪಕ್ಕದ ಮನೆಯನ್ನು ಮರೆಯಬೇಡಿ. ಆಗ್ನೇಯಕ್ಕೆ ಮೂರಡಿ ಬಿಟ್ಟು ಪಕ್ಕದವರು ಹೊಸ ಮಹಡಿ ಎಬ್ಬಿಸಿದ್ದರೆ ಅದು ನಿಜಕ್ಕೂ ಅಡ್ಡ. ಡಿಶ್ಶನ್ನು ಟೆರೇಸ್‌ನ ಇನ್ನೊಂದು ಮೂಲೆಗೆ ಹಾಕಿ. ಉದ್ದ ಪೈಪಿಗಿಂತ ಅದು ಗಟ್ಟಿ. ತೆಂಗಿನ ಗರಿ, ಹೊಂಗೆ, ಗುಲ್‌ಮೊಹರ್ ಕೊಂಬೆಗಳೂ ಎರಡು ಮಳೆಗಾಲದಲ್ಲಿ ಬೆಳೆದು ಅಡ್ಡ ಬರುತ್ತವೆ. ಎಲೆಯೊಳಗಿನ ನೀರು ಸಿಗ್ನಲ್ ತಿನ್ನುತ್ತದೆ.

ತಿರುಗಿಸುವಾಗ ಮೊದಲು ಈಗಿನ ಜಾಗಕ್ಕೆ ಮಾರ್ಕರ್‌ನಲ್ಲಿ ಗುರುತು ಹಾಕಿ. ಒಬ್ಬರು ಕೆಳಗೆ ಕ್ವಾಲಿಟಿ ಓದಲಿ, ಇನ್ನೊಬ್ಬರು ಮೇಲೆ ಕೂದಲೆಳೆಯಷ್ಟೇ ಸರಿಸಲಿ. ಸರಿಸಿ ಐದು ಸೆಕೆಂಡು ಕಾಯಿರಿ, ಅಂಕಿ ತಡವಾಗಿ ಬರುತ್ತದೆ. ಚಂದನದ ಬದಲು ದುಡ್ಡಿನ ಚಾನೆಲ್‌ಗಳ ಹೆಸರೇ ಸಿಕ್ಕರೆ ಪಕ್ಕದ ಉಪಗ್ರಹಕ್ಕೆ ಜಾರಿರಬಹುದು. 95 ಡಿಗ್ರಿಯಲ್ಲಿ ಎಸ್‌ಇಎಸ್-8 ಇದೆ, ಬರೀ ಒಂದೂವರೆ ಡಿಗ್ರಿ ದೂರ. ಕ್ವಾಲಿಟಿ ಸಿಕ್ಕ ಮೇಲೆ ಎಲ್‌ಎನ್‌ಬಿಯನ್ನು ಅದರ ಹಿಡಿಯಲ್ಲೇ ನಿಧಾನ ತಿರುಗಿಸಿ ಅಂಕಿ ಅತಿ ಹೆಚ್ಚು ಬರುವಲ್ಲಿ ಬಿಗಿ ಮಾಡಿ.

ಎರಡೂ ಸೊನ್ನೆ, ಏನೂ ಬರುತ್ತಿಲ್ಲ

ಟ್ಯೂನರ್‌ನ ಸ್ವಂತ ಅಡಾಪ್ಟರ್ ಹಾಕಿದೆಯಾ ನೋಡಿ. ಎಲ್‌ಎನ್‌ಬಿಗೆ 13 ಅಥವಾ 18 ವೋಲ್ಟ್ ಬೇಕು, ಅದನ್ನು ಕೇಬಲ್ ಮೂಲಕವೇ ಟ್ಯೂನರ್ ಕಳಿಸುತ್ತದೆ. ಯುಎಸ್‌ಬಿಯ 5 ವೋಲ್ಟ್ ಮಾತ್ರ ನಂಬಿದರೆ ಆಗುವುದಿಲ್ಲ. ಮುಂದೆ, ಮಾಮೂಲಿ ಫ್ರೀ ಡಿಶ್ ಬಾಕ್ಸ್ ಮನೆಯಲ್ಲಿದ್ದರೆ ಅದೇ ಕೇಬಲನ್ನು ಅದಕ್ಕೆ ಹಾಕಿ. ಚಿತ್ರ ಬಂದರೆ ಡಿಶ್, ಕೇಬಲ್ ಎರಡೂ ಸರಿ, ಟ್ಯೂನರ್ ಅಥವಾ ಸೆಟ್ಟಿಂಗ್ ಕಡೆ ದೋಷ. ಬರದಿದ್ದರೆ ದೋಷ ಕೇಬಲ್‌ನಲ್ಲಿ ಅಥವಾ ಮೇಲೆ ಟೆರೇಸ್‌ನಲ್ಲಿ.

ನಡುವೆ ಸ್ಪ್ಲಿಟರ್, ಅಂದರೆ ಒಂದು ಕೇಬಲನ್ನು ಎರಡಾಗಿಸುವ ಡಬ್ಬಿ, ಇದ್ದರೆ ತೆಗೆದು ನೇರ ಜೋಡಿಸಿ. ಹಲವು ಸ್ಪ್ಲಿಟರ್‌ಗಳಲ್ಲಿ ಒಂದೇ ಕಡೆಯಿಂದ ವೋಲ್ಟೇಜ್ ಮೇಲೆ ಹೋಗುತ್ತದೆ. ಟೀವಿಗೊಂದು, ಪೈಗೊಂದು ಬೇಕಿದ್ದರೆ ಎರಡು ಬಾಯಿಯ ಎಲ್‌ಎನ್‌ಬಿ ಹಾಕಿ ಎರಡು ಕೇಬಲ್ ಎಳೆಯುವುದೇ ಸರಿ.

ಮಲ್ಟಿಮೀಟರ್ ಇದ್ದರೆ ಟೆರೇಸ್ ತುದಿಯಲ್ಲಿ ಕೇಬಲ್‌ನ ನಡುತಂತಿ ಮತ್ತು ಹೊರಗಿನ ಲೋಹದ ನಡುವೆ ಅಳೆಯಿರಿ. 13 ಅಥವಾ 18ರ ಆಸುಪಾಸು ಬಂದರೆ ಕೇಬಲ್ ಸರಿ, ಎಲ್‌ಎನ್‌ಬಿ ಸತ್ತಿದೆ. ಹೊಸದಕ್ಕೆ ಕೆಲವು ನೂರು ರೂಪಾಯಿ ಅಷ್ಟೇ. ಸೊನ್ನೆ ಬಂದರೆ ಕೇಬಲ್ ತುಂಡಾಗಿದೆ ಅಥವಾ ಶಾರ್ಟ್ ಆಗಿದೆ. ಅಳೆಯುವಾಗ ಮಾತ್ರ ಟ್ಯೂನರ್ ಆನ್ ಇರಲಿ. ಕನೆಕ್ಟರ್ ಬಿಚ್ಚುವಾಗ, ಹಾಕುವಾಗ ಆಫ್ ಮಾಡಿ. ಇಲ್ಲದಿದ್ದರೆ ಆ ಒಂದು ಶಾರ್ಟ್ ಟ್ಯೂನರ್‌ನ್ನೇ ಸುಡಬಹುದು.

ದೋಷದ ಹಾಗೆ ಕಂಡರೂ ದೋಷವಲ್ಲ

ಮಾರ್ಚ್ ಮಧ್ಯದಲ್ಲಿ ಮತ್ತು ಸೆಪ್ಟೆಂಬರ್ ಕೊನೆಯಲ್ಲಿ ಕೆಲವು ದಿನ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ಮೋಡವಿಲ್ಲದ ಆಕಾಶದಲ್ಲೂ ಕೆಲವು ನಿಮಿಷ ಸಿಗ್ನಲ್ ಹೋಗುತ್ತದೆ. ಆಗ ಸೂರ್ಯ ಸರಿಯಾಗಿ ಉಪಗ್ರಹದ ಬೆನ್ನ ಹಿಂದೆ ಬಂದಿರುತ್ತಾನೆ. ಅವನ ಗದ್ದಲದಲ್ಲಿ ಉಪಗ್ರಹದ ದನಿ ಕೇಳುವುದಿಲ್ಲ. ಸುಮ್ನೆ ಕಾಯಿರಿ.

ಏಪ್ರಿಲ್ ಒಂದರ ಆಸುಪಾಸು ಕೆಲವು ಖಾಸಗಿ ಚಾನೆಲ್ ಮಾಯವಾದರೆ ಫ್ರೀ ಡಿಶ್‌ನ ಚಾನೆಲ್ ಜಾಗಗಳ ಹರಾಜಿನಲ್ಲಿ ಅವುಗಳ ಜಾಗ ಬದಲಾಗಿರಬಹುದು. ಮತ್ತೆ ಸ್ಕ್ಯಾನ್ ಮಾಡಿ. ಹಳೇ ಟೈಮರ್‌ಗಳು ಸರಿಯಾದ ಚಾನೆಲ್‌ಗೇ ಅಂಟಿಕೊಂಡಿವೆಯಾ ಎಂದೂ ನೋಡಿ. ಪಟ್ಟಿಯಲ್ಲಿ ಹೆಸರಿದ್ದು 'ಸ್ಕ್ರ್ಯಾಂಬಲ್ಡ್' ಎಂದು ಬಂದರೆ ಆ ಚಾನೆಲ್‌ಗೆ ಬೀಗ ಇದೆ, ಟ್ಯೂನರ್ ತಪ್ಪಲ್ಲ. ಜನ ಓಡಾಡುವಾಗ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆ ಕಂಡರೆ ವಿಎಲ್‌ಸಿಯಲ್ಲಿ ಡಿಇಂಟರ್‌ಲೇಸ್ ಆನ್ ಮಾಡಿ.

ಟೆರೇಸ್ ಹತ್ತಲೇಬೇಕಾದರೆ

ಗುಡುಗಿನ ಸದ್ದು ಕೇಳುತ್ತಿದ್ದರೆ ಹತ್ತಬೇಡಿ, ಕೇಬಲ್ ಮುಟ್ಟಬೇಡಿ. ದೂರದ ಗುಡುಗಾದರೂ ಅಷ್ಟೇ. ಒಳಗೆ ಕೇಬಲನ್ನು ಟ್ಯೂನರ್‌ನಿಂದ ಮೊದಲೇ ಬಿಚ್ಚಿಟ್ಟಿದ್ದರೆ ಒಳ್ಳೆಯದು. ನೆಲ ಒದ್ದೆ ಇದ್ದರೆ ಒಣಗಲಿ. ಒಬ್ಬರೇ ಹೋಗಬೇಡಿ. ಪ್ಯಾರಾಪೆಟ್ ಮೇಲೆ ಹತ್ತಿ ನಿಲ್ಲಬೇಡಿ, ಓವರ್‌ಹೆಡ್ ಟ್ಯಾಂಕಿನ ಏಣಿಯಲ್ಲಿ ಒಂದು ಕೈಯಲ್ಲಿ ಸ್ಪ್ಯಾನರ್ ಹಿಡಿದು ತೂಗಬೇಡಿ. ಸಿಮೆಂಟ್ ಶೀಟಿನ ಮೇಲೆ ಕಾಲಿಡಬೇಡಿ, ಅದು ಹೇಳದೆ ಮುರಿಯುತ್ತದೆ. ನಮ್ಮ ಬೀದಿಗಳಲ್ಲಿ ವಿದ್ಯುತ್ ತಂತಿಗಳು ಬಾಲ್ಕನಿಗೆ ಕೈಗೆಟಕುವಷ್ಟು ಹತ್ತಿರ ಹೋಗಿರುತ್ತವೆ. ಕಬ್ಬಿಣದ ಪೈಪ್ ಎತ್ತುವ ಮುಂಚೆ ತಲೆ ಎತ್ತಿ ನೋಡಿ. ಪೈಪ್ ಜಾರಿ ಬಿದ್ದರೆ ತಂತಿ ತಲುಪುವಷ್ಟು ಹತ್ತಿರ ಇದ್ದರೆ ಆ ಕೆಲಸ ನಿಮ್ಮದಲ್ಲ.

ಇನ್ನೂ ಕೆಲವು ಕಡೆ ಕೈ ಹಿಂದೆ ತೆಗೆದುಕೊಳ್ಳಬೇಕು. ಕೇಬಲ್ ಅಥವಾ ಡಿಶ್ ಮುಟ್ಟಿದರೆ ಜುಮ್ ಅಂದರೆ ತಕ್ಷಣ ಎಲ್ಲಾ ಪ್ಲಗ್ ತೆಗೆದು ಎಲೆಕ್ಟ್ರಿಷಿಯನ್ ಕರೆಸಿ. ಎಲ್ಲೋ ಅರ್ಥಿಂಗ್ ಇಲ್ಲ, ಅಥವಾ ಯಾವುದೋ ಅಡಾಪ್ಟರ್ ಒಳಗೆ ಸೋರಿಕೆ ಇದೆ. ಅಡಾಪ್ಟರ್‌ನಿಂದ ಸುಟ್ಟ ವಾಸನೆ ಬಂದರೆ ಮತ್ತೆ ಹಾಕಿ ಪರೀಕ್ಷಿಸಬೇಡಿ. ಡಿಶ್ ಕಂಬವೇ ಗೋಡೆಯಿಂದ ಬಿಟ್ಟುಕೊಂಡಿದ್ದರೆ ಹಗ್ಗ ಕಟ್ಟಿ ತೂಗಿಸಬೇಡಿ. ಗಾಳಿಗೆ ಅದು ಕೆಳಗೆ ಹೋಗುವವರ ತಲೆ ಮೇಲೆ ಬೀಳಬಹುದು. ಕಂಬಕ್ಕೆ ಅರ್ಥಿಂಗ್ ಮಾಡಿಸುವುದೂ ಎಲೆಕ್ಟ್ರಿಷಿಯನ್ ಕೆಲಸವೇ. ಬಾಡಿಗೆ ಮನೆಯಾದರೆ ಗೋಡೆಗೆ ಡ್ರಿಲ್ ಹಾಕುವ ಮುಂಚೆ ಓನರ್ ಆಂಟಿಗೆ ಒಂದು ಮಾತು ಹೇಳಿ. ಟೆರೇಸ್ ಬೀಗದಕೈ ಹೇಗೂ ಅವರ ಹತ್ತಿರವೇ ಇರುತ್ತದೆ.

ರಿಪೇರಿಯವರನ್ನು ಕರೆಸಿದಾಗ ಸಿಗ್ನಲ್ ಬರ್ತಿಲ್ಲ ಎಂದಷ್ಟೇ ಹೇಳಬೇಡಿ. ಒಳ್ಳೆಯ ದಿನದ ಅಂಕಿ ಎಷ್ಟಿತ್ತು, ಈಗ ಎಷ್ಟಿದೆ, ಮಳೆಗೆ ಮುಂಚೆ ಶುರುವಾಯಿತೋ ನಂತರವೋ, ಬೇರೆ ಬಾಕ್ಸ್‌ನಲ್ಲಿ ಬಂತೋ ಇಲ್ಲವೋ, ಇಷ್ಟು ಹೇಳಿ. ಮೊದಲು ಕನೆಕ್ಟರ್ ಬಿಚ್ಚಿ ತೋರಿಸಲು ಕೇಳಿ. ಅದು ಹಸಿರಾಗಿದ್ದರೆ ಡಿಶ್ ಅಲುಗಾಡಿಸಲು ಬಿಡಬೇಡಿ.